ಹಂಡೆ, ತಕ್ಕಡಿ, ಬುಟ್ಟಿ: ಅಣಬೆಯ ಹಿಂದೆ ಮೂರು ವರ್ಷ

ಅಣಬೆ ಬೆಳೆಸಬೇಕು ಅಂತ ಮೊದಲ ತಿಂಗಳು ನಾನು ಕೊಂಡ ವಸ್ತುಗಳಲ್ಲಿ ಅರ್ಧದಷ್ಟು ಈಗ ಸಜ್ಜಾ ಮೇಲಿವೆ. ಆಮೇಲೆ, ಇದು ಇಲ್ಲದೆ ಆಗಲ್ಲ ಅಂತ ಗೊತ್ತಾಗಿ ಒಂದೊಂದಾಗಿ ತಂದವು ಮಾತ್ರ ಇವತ್ತಿಗೂ ಕೈಗೆ ಬರುತ್ತವೆ. ಹೊಸಬರು ಯಾರೇ ಕೇಳಿದರೂ ಮೊದಲ ಪ್ರಶ್ನೆ "ಏನೇನು ತಗೋಬೇಕು?" ಅನ್ನುವುದೇ. ಪಟ್ಟಿ ಕೊಟ್ಟರೆ ಉಪಯೋಗವಿಲ್ಲ. ಯಾವುದು ಯಾವಾಗ ಯಾಕೆ ಬೇಕಾಯಿತು ಅನ್ನುವುದನ್ನು ನಡೆದ ಹಾಗೇ ಹೇಳುತ್ತೇನೆ.

ನನ್ನೂರು ತೀರ್ಥಹಳ್ಳಿ ಕಡೆ. ಮುಂಗಾರು ಶುರುವಾಗಿ ಚೆನ್ನಾಗಿ ಗುಡುಗಿದ ಮೇಲೆ ಅಜ್ಜಿ ಬೆಳಿಗ್ಗೆ ಬೇಗ ಎದ್ದು ಬುಟ್ಟಿ ಹಿಡಿದು ಹೊರಡುತ್ತಿದ್ದರು. ವಾಪಸ್ ಬರುವಾಗ ಬುಟ್ಟಿಯ ತುಂಬಾ ಹುತ್ತದ ಅಣಬೆ. ಆ ದಿನ ಮಧ್ಯಾಹ್ನ ಅಕ್ಕಿರೊಟ್ಟಿಗೆ ಅಣಬೆ ಸಾರು. ಬೆಂಗಳೂರಿಗೆ ಬಂದು ಹದಿನೈದು ವರ್ಷ ಆದರೂ ಆ ರುಚಿ ನಾಲಿಗೆಯಿಂದ ಹೋಗಿಲ್ಲ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಬಟನ್ ಅಣಬೆಯಲ್ಲಿ ಅದು ಇಲ್ಲ. ಮನೆಯಲ್ಲೇ ಬೆಳೆದುಕೊಂಡರೆ ಹೇಗೆ ಅಂತ ಅನ್ನಿಸಿದ್ದು ಅಲ್ಲಿಂದಲೇ. ಹುತ್ತದ ಅಣಬೆಯನ್ನು ಮನೆಯಲ್ಲಿ ಬೆಳೆಯಲು ಆಗಲ್ಲ ಅನ್ನುವುದು ಆಗ ಗೊತ್ತಿರಲಿಲ್ಲ. ಅದರ ಕಥೆ ಮುಂದೆ ಬರುತ್ತದೆ.

2022ರ ಫೆಬ್ರವರಿಯಲ್ಲಿ ಶುರು ಮಾಡಿದೆ. ಬೆಂಗಳೂರಿನಲ್ಲಿ ಅದು ಗಾಳಿ ಒಣಗಲು ಹೊರಡುವ ಕಾಲ. ಕಲಿಯುವವರು ಜುಲೈ ತಿಂಗಳಲ್ಲಿ ಶುರು ಮಾಡಬೇಕು. ಮಳೆಗಾಲ ಅರ್ಧ ಕೆಲಸ ತಾನೇ ಮಾಡಿಕೊಡುತ್ತದೆ. ಇದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು.

ಬೀಜವನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಅಣಬೆ ಬೀಜ ಅಂದರೆ ನಿಜವಾದ ಬೀಜವಲ್ಲ. ಬೇಯಿಸಿದ ಜೋಳದ ಕಾಳಿನ ಮೇಲೆ ಅಣಬೆಯ ಬಿಳಿ ಎಳೆಗಳನ್ನು ಬೆಳೆಸಿರುತ್ತಾರೆ. ಬೆಳೆಗಾರರು ಸ್ಪಾನ್ ಅಂತಲೂ ಕರೆಯುತ್ತಾರೆ. ನನಗೆ ಬಂದ ಪೊಟ್ಟಣ ಐದು ದಿನ ಬಿಸಿಲಲ್ಲಿ ಅಲೆದು ಬಂದಿತ್ತು. ಕಾಳು ಮೆತ್ತಗಾಗಿ, ತಳದಲ್ಲಿ ಹಳದಿ ನೀರು ನಿಂತಿತ್ತು. ಒಳ್ಳೆಯ ಬೀಜ ಹೇಗಿರುತ್ತದೆ ಅಂತ ಗೊತ್ತಿಲ್ಲದ ಕಾರಣ ಅದನ್ನೇ ಬಳಸಿದೆ. ಈಗ ಹೇಳಬಲ್ಲೆ: ಒಳ್ಳೆಯ ಬೀಜದ ಪೊಟ್ಟಣ ಹತ್ತಿ ಉಂಡೆಯ ಹಾಗೆ ಬೆಳ್ಳಗಿರುತ್ತದೆ. ಬಿಚ್ಚಿದರೆ ಹಸಿ ಅಣಬೆಯದೇ ಪರಿಮಳ. ಹುಳಿ ವಾಸನೆ, ಹಸಿರು ಅಥವಾ ಕಪ್ಪು ಚುಕ್ಕೆ, ಅಂಟು ನೀರು, ಇವುಗಳಲ್ಲಿ ಯಾವುದು ಕಂಡರೂ ಎಸೆಯುವುದೇ ಸರಿ.

ಹುಲ್ಲು ಸಿಕ್ಕಿದ್ದು ನಮ್ಮ ಬಡಾವಣೆಯಾಚೆ ಹಸು ಸಾಕಿರುವ ಒಬ್ಬರ ಮನೆಯಲ್ಲಿ. ಭತ್ತದ ಹುಲ್ಲನ್ನು ಎರಡು ಇಂಚಿಗೆ ಕತ್ತರಿಸಿ, ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಬಕೆಟ್‌ಗೆ ಹಾಕಿ ಮೇಲಿಂದ ಕುದಿಯುವ ನೀರು ಸುರಿದು ಮುಚ್ಚಿಟ್ಟೆ. ಒಂದು ಗಂಟೆ ಬಿಟ್ಟು ತೆಗೆದೆ. ಆರಿದ ಮೇಲೆ ಚೀಲಕ್ಕೆ ಹುಲ್ಲು, ಬೀಜ, ಮತ್ತೆ ಹುಲ್ಲು, ಬೀಜ ಅಂತ ತುಂಬಿ ಕಟ್ಟಿದೆ. ಆರನೇ ದಿನ ಚೀಲದ ಮಧ್ಯಭಾಗದಲ್ಲಿ ಕಡು ಹಸಿರು. ಎಂಟನೇ ದಿನಕ್ಕೆ ಪೂರ್ತಿ ಹಸಿರು. ಅದು ಟ್ರೈಕೋಡರ್ಮಾ ಅನ್ನುವ ಬೂಸ್ಟು. ತೋಟದಲ್ಲಿ ಬೇರು ಕೊಳೆಯುವ ರೋಗ ತಡೆಯಲು ಅದನ್ನೇ ಮಣ್ಣಿಗೆ ಹಾಕುತ್ತಾರೆ. ಊರಲ್ಲಿ ನಮ್ಮ ಮನೆಯಲ್ಲೂ ಮೆಣಸಿನ ಬಳ್ಳಿಗೆ ಹಾಕುತ್ತೇವೆ. ಬೇರೆ ಶಿಲೀಂಧ್ರವನ್ನು ತಿಂದು ಬದುಕುವ ಅದರ ಗುಣ ಅಲ್ಲಿ ವರ, ಅಣಬೆ ಚೀಲದಲ್ಲಿ ಶತ್ರು.

ಎರಡನೇ ಸಲ ನೀರನ್ನು ಜಾಸ್ತಿ ಸುರಿದೆ, ಜಾಸ್ತಿ ಹೊತ್ತು ಬಿಟ್ಟೆ. ಈ ಸಲ ಹಸಿರು ಬರಲಿಲ್ಲ. ಬದಲಿಗೆ ಚೀಲದ ತಳದಲ್ಲಿ ಕಂದು ನೀರು ನಿಂತು ಕೊಳೆತ ವಾಸನೆ ಬಂತು. ಹದಿನಾಲ್ಕನೇ ದಿನ ಚೀಲದ ಕಂಡಿಗಳಿಂದ ತೆಳ್ಳನೆಯ ಬೂದು ಅಣಬೆಗಳು ಎದ್ದವು. ಒಂದು ಕ್ಷಣ ತುಂಬಾ ಖುಷಿಯಾಯಿತು. ಸಂಜೆಯೊಳಗೆ ಅವು ಕರಗಿ ಕಪ್ಪು ಶಾಯಿಯ ಹಾಗೆ ಹನಿದವು. ಅವು ಶಾಯಿ ಅಣಬೆಗಳು. ಹುಲ್ಲಿನಲ್ಲಿ ನೀರು ಜಾಸ್ತಿಯಾಗಿದೆ, ಬಿಸಿ ಸರಿಯಾಗಿ ತಾಗಿಲ್ಲ ಅನ್ನುವುದಕ್ಕೆ ಅದು ಗುರುತು ಅಂತ ಆಮೇಲೆ ತಿಳಿಯಿತು.

ಆಗ ಹೆಸರಘಟ್ಟಕ್ಕೆ ಹೋದೆ. ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆಗೆಂದೇ ಪ್ರಯೋಗಾಲಯ ಇದೆ. ತರಬೇತಿ ಕೊಡುತ್ತಾರೆ, ಬೀಜವನ್ನೂ ಮಾರುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೂ ಈ ಅನುಕೂಲ ಇದೆ. ದೇಶಕ್ಕೆಲ್ಲ ದೊಡ್ಡ ಸಂಸ್ಥೆ ಹಿಮಾಚಲದ ಸೋಲನ್‌ನಲ್ಲಿರುವ ಅಣಬೆ ಸಂಶೋಧನಾ ನಿರ್ದೇಶನಾಲಯ. 1997ರಲ್ಲಿ ಸೋಲನ್ ಅನ್ನು ಭಾರತದ ಅಣಬೆ ನಗರ ಅಂತ ಘೋಷಿಸಿದ್ದು ಅದರ ಕೆಲಸದಿಂದಲೇ. ಆದರೆ ನಮಗೆ ಹೆಸರಘಟ್ಟ ಸಾಕು. ಹೋಗುವ ಮೊದಲು ಬೀಜ ಇದೆಯಾ, ತರಬೇತಿ ಯಾವಾಗ ಅಂತ ವಿಚಾರಿಸಿಕೊಂಡೇ ಹೊರಡಿ.

ಅಲ್ಲಿ ನನ್ನ ಎರಡು ಚೀಲದ ಫೋಟೋ ತೋರಿಸಿದೆ. ನೋಡಿದ ಕೂಡಲೇ ಅವರು ಕೇಳಿದ್ದು ಎರಡೇ ಪ್ರಶ್ನೆ. "ಹುಲ್ಲಿನ ನಡುವೆ ಎಷ್ಟು ಡಿಗ್ರಿ ಇತ್ತು?" "ನೆನೆದ ಮೇಲೆ ಹುಲ್ಲು ಎಷ್ಟು ತೂಗಿತು?" ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬರುವ ದಾರಿಯಲ್ಲೇ ಒಂದು ಥರ್ಮಾಮೀಟರ್, ಒಂದು ಕೊಕ್ಕೆ ತಕ್ಕಡಿ ಕೊಂಡೆ. ಮೂರು ವರ್ಷದಲ್ಲಿ ನಾನು ಕೊಂಡ ಎಲ್ಲದರಲ್ಲಿ ಇವೆರಡರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ.

ಯಾಕೆ ಅಂತ ಹೇಳುತ್ತೇನೆ. ಹುಲ್ಲನ್ನು ಸುಮಾರು 80 ಡಿಗ್ರಿಯಲ್ಲಿ ಒಂದು ಗಂಟೆ ಇಡಬೇಕು. ಬಕೆಟ್‌ಗೆ ಕುದಿಯುವ ನೀರು ಸುರಿದರೆ ಒದ್ದೆ ಹುಲ್ಲು ಆ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ಅದೇ ಬಕೆಟ್‌ನಲ್ಲಿ ಮತ್ತೆ ಮಾಡಿ ಅಳೆದು ನೋಡಿದೆ. ಹತ್ತು ನಿಮಿಷದಲ್ಲಿ ನಡುಭಾಗ 58 ಡಿಗ್ರಿಗೆ ಇಳಿದಿತ್ತು. ಹಸಿರು ಬೂಸ್ಟಿಗೆ ಜಾಗ ಮಾಡಿಕೊಟ್ಟದ್ದು ನಾನೇ. ಹಾಗಾಗಿ ಉರಿಯ ಮೇಲೇ ಇರುವ ದೊಡ್ಡ ಪಾತ್ರೆ ಬೇಕು. ಮದುವೆ ಮನೆಗಳಿಗೆ ಬಾಡಿಗೆಗೆ ಕೊಡುವ ದೊಡ್ಡ ಅಲ್ಯೂಮಿನಿಯಂ ಡೇಗ್ಷೆಯಲ್ಲಿ ಹುಲ್ಲನ್ನು ಗೋಣಿಚೀಲದ ಸಮೇತ ಮುಳುಗಿಸಿ, ಮೇಲೆ ರುಬ್ಬುಗುಂಡು ಇಟ್ಟು ಒತ್ತಿ, ನೀರು 80ರ ಕೆಳಗೆ ಬರದ ಹಾಗೆ ಸ್ಟವ್ ಸಣ್ಣಗೆ ಉರಿಸಿದೆ.

ಕೆಲವರು ಹುಲ್ಲನ್ನು ಕಾರ್ಬೆಂಡಜಿಮ್ ಅನ್ನುವ ಶಿಲೀಂಧ್ರನಾಶಕ ಮತ್ತು ಫಾರ್ಮಲಿನ್ ಅನ್ನುವ ಘಾಟು ರಾಸಾಯನಿಕ ಬೆರೆಸಿದ ನೀರಿನಲ್ಲಿ 18 ಗಂಟೆ ನೆನೆಸುವ ವಿಧಾನ ಹೇಳಿಕೊಡುತ್ತಾರೆ. ದೊಡ್ಡ ಮಟ್ಟದಲ್ಲಿ ಬೆಳೆಯುವವರು ಸೌದೆ, ಗ್ಯಾಸ್ ಉಳಿಸಲು ಹಾಗೆ ಮಾಡುತ್ತಾರೆ. ನಾಲ್ಕು ಚೀಲ ಬೆಳೆಯುವ ಮನೆಯೊಳಗೆ ಫಾರ್ಮಲಿನ್ ತರುವುದು ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಮಗು ಇದೆ. ಬಿಸಿನೀರು ಸಾಕು.

ಇನ್ನು ತೂಕ. ಒಂದು ಕಿಲೋ ಒಣ ಹುಲ್ಲು ನೆನೆದು, ಬಸಿದು, ಆರಿದ ಮೇಲೆ ಸುಮಾರು ಮೂರು ಕಿಲೋ ಬರಬೇಕು. ಆಗ ಅದರಲ್ಲಿ ಮೂರನೇ ಎರಡು ಪಾಲು ನೀರು ಇರುತ್ತದೆ, ಅಣಬೆಗೆ ಬೇಕಾದಷ್ಟೇ. ಮತ್ತೆ ಒಂದು ಕಿಲೋ ಹುಲ್ಲು ನೆನೆಸಿ, ಶಾಯಿ ಅಣಬೆ ಬಂದ ಸಲ ಬಸಿದಷ್ಟೇ ಬಸಿದು ತೂಗಿ ನೋಡಿದೆ. ನಾಲ್ಕು ಕಿಲೋ ಮುಟ್ಟಿತು. ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿಯೇ. ಆದರೆ ಹೊಸಬರ ಅಂಗೈಗೆ ಅದರ ಅಂದಾಜು ಇರಲ್ಲ. ಹತ್ತು ಸಲ ತೂಗಿದ ಮೇಲೆ ನನ್ನ ಮುಷ್ಟಿಗೂ ಅಂದಾಜು ಬಂತು.

ಹುಲ್ಲಿನ ಬಗ್ಗೆಯೂ ಒಂದು ಮಾತು. ಆ ವರ್ಷದ್ದೇ ಆಗಿರಬೇಕು. ಮಳೆಗೆ ಸಿಕ್ಕಿರಬಾರದು. ಬಂಗಾರದ ಬಣ್ಣ ಇದ್ದು, ಮುರಿದರೆ ಪಟ್ ಅನ್ನಬೇಕು. ಬಣವೆಯ ಮೇಲಿನ ಕಪ್ಪು ಹುಲ್ಲು ಬೇಡ. ಅದರಲ್ಲಿ ಬೇರೆ ಬೂಸ್ಟು ಆಗಲೇ ಮನೆ ಮಾಡಿರುತ್ತದೆ.

ಮೂರನೇ ಸಲ ಹೆಸರಘಟ್ಟದ ಚಿಪ್ಪು ಅಣಬೆ ಬೀಜ. ಚಿಪ್ಪು ಅಣಬೆ ಕಲಿಯುವವರ ಅಣಬೆ. 20ರಿಂದ 30 ಡಿಗ್ರಿವರೆಗೂ ಸಹಿಸುತ್ತದೆ, ಗೊಬ್ಬರ ಬೇಡ, ಮಣ್ಣು ಬೇಡ. ಒಂದು ಕಿಲೋ ಒಣ ಹುಲ್ಲಿಗೆ ನೂರು ಗ್ರಾಂ ಬೀಜ ಲೆಕ್ಕ. ಕೋಣೆಯ ಫ್ಯಾನ್ ಆರಿಸಿದೆ, ಕಿಟಕಿ ಮುಚ್ಚಿದೆ. ಮೇಜನ್ನು ಡೆಟ್ಟಾಲ್ ನೀರಿನಲ್ಲಿ ಒರೆಸಿ, ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡೆ. ಹುಲ್ಲು ಪೂರ್ತಿ ಆರಿರಬೇಕು. ಬಿಸಿ ಇದ್ದರೆ ಬೀಜ ಸತ್ತುಹೋಗುತ್ತದೆ. ಮೂರು ಇಂಚು ಹುಲ್ಲು ಒತ್ತಿ, ಅಂಚಿನ ಸುತ್ತ ಬೀಜ ಉದುರಿಸಿ, ಮತ್ತೆ ಹುಲ್ಲು. ಹೀಗೆ ಐದು ಪದರ. ಸಡಿಲವಾಗಿ ತುಂಬಿದರೆ ಎಳೆಗಳಿಗೆ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ದಾಟುವುದು ಕಷ್ಟ, ಹಾಗಾಗಿ ಚೆನ್ನಾಗಿ ಒತ್ತಬೇಕು. ಬಾಯಿ ಕಟ್ಟಿ, ಕಾಯಿಸಿದ ದಬ್ಬಳದಿಂದ ಸುತ್ತಲೂ ಹದಿನೈದಿಪ್ಪತ್ತು ಕಂಡಿ ಹಾಕಿ ಸ್ಟೋರ್ ರೂಮಿನ ಕತ್ತಲಲ್ಲಿ ತೂಗುಹಾಕಿದೆ.

ಮೂರನೇ ದಿನ ಪ್ರತಿ ಕಾಳಿನ ಸುತ್ತ ಬಿಳಿ ನೂಲು. ಹತ್ತನೇ ದಿನ ಪದರ ಪದರಗಳು ಕೂಡಿಕೊಂಡವು. ಹದಿನೆಂಟನೇ ದಿನ ಇಡೀ ಚೀಲ ಬೆಳ್ಳಗೆ, ಮುಟ್ಟಿದರೆ ಗಟ್ಟಿ. ದಿನಾ ಬೆಳಿಗ್ಗೆ ಟಾರ್ಚ್ ಹಿಡಿದು ನೋಡುತ್ತಿದ್ದೆ. ಮಗಳು ಪೆನ್ಸಿಲ್‌ನಲ್ಲಿ ಚೀಲದ ಚಿತ್ರ ಬರೆದು ಬಿಳಿ ಎಲ್ಲಿಯವರೆಗೆ ಬಂತು ಅಂತ ಗುರುತು ಹಾಕುತ್ತಿದ್ದಳು. ಆ ಹಾಳೆಗಳನ್ನೆಲ್ಲ ಇಟ್ಟುಕೊಂಡಿದ್ದೇನೆ.

ಚೀಲ ಬೆಳ್ಳಗಾದ ಮೇಲೆ ಬೇಕಾಗುವುದೇ ಬೇರೆ. ಅಲ್ಲಿಯವರೆಗೆ ಕತ್ತಲು, ಬೆಚ್ಚಗೆ. ಇನ್ನು ಮುಂದೆ ಬೆಳಕು, ಗಾಳಿ, ತೇವ. ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮಾಪಕ ತಂದು ಸ್ಟೋರ್ ರೂಮಿನಲ್ಲಿ ಇಟ್ಟರೆ ಶೇಕಡಾ 52 ತೋರಿಸಿತು. ಚಿಪ್ಪು ಅಣಬೆಗೆ 80ರ ಮೇಲೆ ಬೇಕು. ಹ್ಯುಮಿಡಿಫೈಯರ್ ಯಂತ್ರ ಕೊಳ್ಳಲು ಹೊರಟವಳನ್ನು ತಡೆದದ್ದು ಅಮ್ಮ. "ಮಡಕೆ ತಣ್ಣಗಿರಲಿ ಅಂತ ನಾವು ಒದ್ದೆ ಗೋಣಿ ಸುತ್ತುತ್ತಿರಲಿಲ್ವಾ? ಅದನ್ನೇ ಮಾಡು" ಅಂದರು. ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ನಾಲ್ಕು ಕಡೆ ಗೋಣಿಚೀಲ ಇಳಿಬಿಟ್ಟು, ಕೆಳಗೆ ಟ್ರೇನಲ್ಲಿ ಮರಳು ಹಾಕಿ ನೀರು ಚಿಮುಕಿಸಿದೆ. ಎರಡು ಗಂಟೆಯಲ್ಲಿ ಮಾಪಕ 84 ತೋರಿಸಿತು. ಆ ಗೋಣಿಯ ಗೂಡು ಇವತ್ತಿಗೂ ನಡೆಯುತ್ತಿದೆ. ವರ್ಷಕ್ಕೊಮ್ಮೆ ಗೋಣಿ ಬದಲಿಸಿ ಕುದಿಸಿ ಒಣಗಿಸುತ್ತೇನೆ, ಅಷ್ಟೇ.

ಒಂದು ತಪ್ಪು ಇಲ್ಲಿಯೂ ಆಯಿತು. ತೇವ ಹೋಗಬಾರದು ಅಂತ ಗೂಡಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದೆ. ಐದನೇ ದಿನ ಮೊಗ್ಗು ಬಂದವು. ಆದರೆ ಕಾಂಡ ಬೆರಳಿನಷ್ಟು ಉದ್ದ, ಕೊಡೆ ಬಟಾಣಿಯಷ್ಟು. ಅಣಬೆ ನಮ್ಮ ಹಾಗೇ ಉಸಿರಾಡುತ್ತದೆ. ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೆ ಗಾಳಿ ಹುಡುಕಿಕೊಂಡು ಕಾಂಡ ಉದ್ದ ಮಾಡುತ್ತದೆ. ಪ್ಲಾಸ್ಟಿಕ್ ತೆಗೆದು, ದಿನಕ್ಕೆ ಮೂರು ಸಲ ಗೋಣಿ ಎತ್ತಿ ಗಾಳಿ ಬಿಟ್ಟೆ. ಮುಂದಿನ ಮೊಗ್ಗುಗಳು ಅಗಲವಾಗಿ, ಕಪ್ಪೆಚಿಪ್ಪಿನ ಹಾಗೆ ಒಂದರ ಮೇಲೊಂದು ಬಿಚ್ಚಿಕೊಂಡವು. ಸ್ಪ್ರೇ ಬಾಟಲಿ ಬೇಕೇ ಬೇಕು. ಆದರೆ ನೀರನ್ನು ಗೋಣಿಗೆ, ಗೋಡೆಗೆ ಹೊಡೆಯಬೇಕು, ಮೊಗ್ಗಿಗೆ ನೇರವಾಗಿ ಅಲ್ಲ.

ಆ ಚೀಲದ ಮೊದಲ ಕೊಯ್ಲು 420 ಗ್ರಾಂ. ವಾರ ಹತ್ತು ದಿನ ಬಿಟ್ಟು ಎರಡನೆಯದು 260. ಮೂರನೆಯದು 130. ಒಂದು ಕಿಲೋ ಹುಲ್ಲಿಗೆ 810 ಗ್ರಾಂ ಹಸಿ ಅಣಬೆ. ಕೊನೆಗೆ ಉಳಿದ ಹುಲ್ಲು ಗುಲಾಬಿ ಕುಂಡಗಳಿಗೆ ಗೊಬ್ಬರ ಆಯಿತು.

ಕೊಯ್ಲಿನ ಸಮಯದ ಬಗ್ಗೆ ಮಾತ್ರ ದಯವಿಟ್ಟು ಗಮನ ಕೊಡಿ. ಒಂದು ಸಲ ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದೆ. ಅಣಬೆಗಳು ಪೂರ್ತಿ ಅರಳಿ, ಅಂಚು ಮೇಲಕ್ಕೆ ಮಗುಚಿಕೊಂಡು, ಸ್ಟೋರ್ ರೂಮಿನ ತುಂಬ ಬಿಳಿ ಪುಡಿ ಕೂತಿತ್ತು. ಅವು ಬಲಿತ ಅಣಬೆ ಉದುರಿಸುವ ಬೀಜಕಣಗಳು (ಸ್ಪೋರ್). ಗುಡಿಸಲು ಹೋದ ನನಗೆ ಎರಡು ದಿನ ಒಣ ಕೆಮ್ಮು. ಅಣಬೆ ಕೋಣೆಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡುವವರಿಗೆ ಇದರಿಂದ ಶ್ವಾಸಕೋಶದ ಅಲರ್ಜಿಯೇ ಬರುವುದುಂಟು. ಕೊಡೆಯ ಅಂಚು ಇನ್ನೂ ಕೆಳಗೆ ಬಾಗಿರುವಾಗಲೇ ಕೊಯ್ಯಬೇಕು. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಮಲಗುವ ಕೋಣೆಯ ಹತ್ತಿರ ಚೀಲ ಇಡಲೇಬಾರದು. ಆ ದಿನದಿಂದ ಗೂಡಿನ ಪಕ್ಕ ಮಾಸ್ಕ್ ಡಬ್ಬಿಯೂ ಇದೆ.

ಬೇಸಿಗೆಗೆ ಹಾಲು ಅಣಬೆ ಮಾಡಿದೆ. 30ರಿಂದ 35 ಡಿಗ್ರಿ ಶಾಖ ಅದಕ್ಕೆ ಇಷ್ಟ. ಚೀಲ ಬೆಳ್ಳಗಾದ ಮೇಲೆ ಅರ್ಧಕ್ಕೆ ಕತ್ತರಿಸಿ, ಹಬೆಯಲ್ಲಿ ಬೇಯಿಸಿದ ಮಣ್ಣನ್ನು ಒಂದು ಇಂಚು ಹೊದಿಸಬೇಕು. ಚಿಪ್ಪು ಅಣಬೆಗಿಂತ ನಿಧಾನ, ಆದರೆ ಫ್ರಿಜ್ ಇಲ್ಲದೆಯೂ ಎರಡು ಮೂರು ದಿನ ಕೆಡುವುದಿಲ್ಲ. ಮಂಡ್ಯ, ರಾಯಚೂರು ಕಡೆಯ ಸೆಖೆಗೆ ಇದು ಸರಿ ಅಂತ ನನ್ನ ಅನಿಸಿಕೆ.

ಬೀಜವನ್ನೂ ಮನೆಯಲ್ಲಿ ಮಾಡಲು ಹೊರಟಿದ್ದೆ. ಪ್ರೆಷರ್ ಕುಕ್ಕರ್, ಗಾಜಿನ ಬಾಟಲಿ, ಹತ್ತಿ, ಸ್ಪಿರಿಟ್ ದೀಪ, ಕೈ ತೂರಿಸಲು ಎರಡು ತೂತು ಮಾಡಿದ ಪ್ಲಾಸ್ಟಿಕ್ ಪೆಟ್ಟಿಗೆ. ಸಜ್ಜಾ ಮೇಲಿರುವುದು ಇವೇ. ಹತ್ತು ಬಾಟಲಿಯಲ್ಲಿ ನಾಲ್ಕು ಉಳಿದವು. ತಿಂಗಳಿಗೆ ಮೂರು ನಾಲ್ಕು ಚೀಲ ಮಾಡುವವರಿಗೆ ಇದರ ಅಗತ್ಯ ಇಲ್ಲ. ಬೀಜವನ್ನು ಕೊಳ್ಳುವುದೇ ಸರಿ.

ಎರಡನೇ ವರ್ಷದ ಜೂನ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹುಲ್ಲುಹಾಸಿನಲ್ಲಿ ಊಟದ ತಟ್ಟೆಯಷ್ಟು ಅಗಲದ ಬಿಳಿ ಅಣಬೆಗಳು ಎದ್ದವು. ಬಿಳಿ ಕೊಡೆ, ಮೇಲೆ ಕಂದು ಚಕ್ಕೆಗಳು, ಕಾಂಡಕ್ಕೊಂದು ಉಂಗುರ. ನೋಡಲು ತುಂಬಾ ಚೆಂದ. ನಾನು ಅಣಬೆ ಬೆಳೆಯುತ್ತೇನೆ ಅಂತ ಗೊತ್ತಿದ್ದ ಪಕ್ಕದ ಮನೆಯ ಆಂಟಿ ಆರು ಅಣಬೆ ಕಿತ್ತು ತಂದು, "ಇದು ನಮ್ಮೂರಲ್ಲಿ ತಿಂತಿದ್ದದ್ದೇ ಕಣಮ್ಮ. ಅರಿಶಿನ ಹಾಕಿ ಬೇಯಿಸಿದೆ, ಬಣ್ಣ ತಿರುಗಲಿಲ್ಲ. ಹಾಗಾದ್ರೆ ಒಳ್ಳೇದೇ ಅಲ್ವಾ?" ಅಂದರು.

ನನಗೆ ಎದೆ ಧಸಕ್ ಅಂತು. "ಆಂಟಿ, ಇವತ್ತು ತಿನ್ನಬೇಡಿ. ನಾಳೆ ಬೆಳಿಗ್ಗೆವರೆಗೆ ಟೈಮ್ ಕೊಡಿ" ಅಂತ ಕೇಳಿಕೊಂಡೆ. ಒಂದು ಅಣಬೆಯ ಕಾಂಡ ತೆಗೆದು, ಕೊಡೆಯನ್ನು ಅರ್ಧ ಬಿಳಿ ಅರ್ಧ ಕಪ್ಪು ಹಾಳೆಯ ಮೇಲೆ ಬೋರಲು ಇಟ್ಟು, ಮೇಲೆ ಪಾತ್ರೆ ಮುಚ್ಚಿದೆ. ಉದುರುವ ಬೀಜಕಣದ ಬಣ್ಣ ನೋಡುವ ಈ ಕ್ರಮವನ್ನು ನನ್ನ ಚಿಪ್ಪು ಅಣಬೆಯ ಮೇಲೆ ಎಷ್ಟೋ ಸಲ ಮಾಡಿ ರೂಢಿಯಾಗಿತ್ತು. ಅದರ ಬೀಜಕಣ ಬೆಳ್ಳಗೆ ಇರುತ್ತದೆ. ಬೆಳಿಗ್ಗೆ ಪಾತ್ರೆ ಎತ್ತಿದರೆ ಬಿಳಿ ಹಾಳೆಯ ಮೇಲೆ ಮಾಸಲು ಹಸಿರು ಗೆರೆಗಳು, ಚಕ್ರದ ಅರಗಳ ಹಾಗೆ. ಆಂಟಿಯನ್ನು ಕರೆದು ತೋರಿಸಿದೆ. ಅದು ಕ್ಲೋರೋಫಿಲಮ್ ಮಾಲಿಬ್ಡೈಟಿಸ್. ಎಳೆಯದಿದ್ದಾಗ ಕೊಡೆಯಡಿಯ ಪದರಗಳು ಬೆಳ್ಳಗೇ ಇರುತ್ತವೆ, ಬಲಿತ ಮೇಲೆ ಹಸಿರಾಗುತ್ತವೆ. ತಿಂದರೆ ಒಂದರಿಂದ ಮೂರು ಗಂಟೆಯೊಳಗೆ ವಿಪರೀತ ವಾಂತಿ, ಭೇದಿ. ಆಂಟಿ ಆ ಹಾಳೆಯನ್ನು ತುಂಬ ಹೊತ್ತು ನೋಡಿದರು. ಬೇಯಿಸಿದ್ದನ್ನೆಲ್ಲ ಚೆಲ್ಲಿ ಪಾತ್ರೆ ಉಜ್ಜಿದರು.

ಅರಿಶಿನ, ಬೆಳ್ಳುಳ್ಳಿ, ಬೆಳ್ಳಿ ನಾಣ್ಯ ಹಾಕಿ ನೋಡುವುದು, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಅನ್ನುವುದು, ಇವು ಯಾವುವೂ ಪರೀಕ್ಷೆಗಳಲ್ಲ. ಮನುಷ್ಯರನ್ನು ಕೊಲ್ಲುವ ಅಮಾನಿಟಾ ಜಾತಿಯ ಅಣಬೆಗಳ ವಿಷ ಬೆಳ್ಳಿಯ ಬಣ್ಣ ಬದಲಿಸುವುದಿಲ್ಲ. ಬೇಯಿಸಿದರೂ ಹೋಗುವುದಿಲ್ಲ. ಅದು ಲಕ್ಷಣ ತೋರಿಸುವುದೇ ಆರರಿಂದ ಹನ್ನೆರಡು ಗಂಟೆ ಆದ ಮೇಲೆ. ನಡುವೆ ಹುಷಾರಾದ ಹಾಗೆ ಕಾಣುತ್ತದೆ, ಅಷ್ಟರಲ್ಲಿ ಲಿವರ್ ಹಾಳಾಗುತ್ತಿರುತ್ತದೆ. ಅಣಬೆ ತಿಂದು ಯಾರಿಗಾದರೂ ಹೊಟ್ಟೆ ಕೆಟ್ಟರೆ ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ. ಬೀಜಕಣದ ಬಣ್ಣ ನೋಡುವುದೂ ಕೂಡ ಬೇಡದ್ದನ್ನು ಬಿಡಲು ಮಾತ್ರ. ಬಿಳಿ ಬಂತು, ಹಾಗಾಗಿ ತಿನ್ನಬಹುದು ಅಂತ ಯಾವತ್ತೂ ಅಂದುಕೊಳ್ಳಬೇಡಿ. ಅಮಾನಿಟಾದ ಬೀಜಕಣವೂ ಬಿಳಿಯೇ.

ಆ ಮಳೆಗಾಲ ಊರಿಗೆ ಹೋದೆ. ಅಜ್ಜಿ ಈಗ ಇಲ್ಲ. ಅಣಬೆ ಜಾಗಗಳು ಗೊತ್ತಿರುವುದು ಚಿಕ್ಕಮ್ಮನಿಗೆ. ನಾನು ಬ್ಯಾಗಿನಲ್ಲಿ ಭೂತಗನ್ನಡಿ, ಬ್ರಷ್, ನೋಟ್‌ಬುಕ್, ಕಾಗದದ ಕವರು ಹಾಕಿಕೊಂಡಿದ್ದೆ. ಫೋನಿನಲ್ಲಿ ಐನ್ಯಾಚುರಲಿಸ್ಟ್ ಆ್ಯಪ್. ಚಿಕ್ಕಮ್ಮನ ಕೈಯಲ್ಲಿ ಬಿದಿರಿನ ಬುಟ್ಟಿ, ಒಂದು ಸಣ್ಣ ಕತ್ತಿ. ತಲೆ ಮೇಲೆ ಕಂಬಳಿಕೊಪ್ಪೆ. ಕಾಲಿಗೆ ಉಂಬಳ (ಜಿಗಣೆ) ಹತ್ತದ ಹಾಗೆ ಸುಣ್ಣ, ಹೊಗೆಸೊಪ್ಪು ಸೇರಿಸಿ ಹಚ್ಚಿಕೊಂಡು ನನಗೂ ಹಚ್ಚಿದರು.

ನಾನು ಅಣಬೆಗೆ ಅಂತ ಒಂದು ಪ್ಲಾಸ್ಟಿಕ್ ಚೀಲವನ್ನೂ ಹಿಡಿದಿದ್ದೆ. ಚಿಕ್ಕಮ್ಮ ಅದನ್ನು ತೆಗೆದು ಜಗಲಿ ಮೇಲೆ ಇಟ್ಟರು. "ಅದ್ರಲ್ಲಿ ಹಾಕಿದ್ರೆ ಮನೆ ಮುಟ್ಟೋದ್ರೊಳಗೆ ಬೆವೆತು ಮುದ್ದೆ ಆಗ್ತದೆ ಮಾರಾಯ್ತಿ." ಬುಟ್ಟಿಯ ತಳಕ್ಕೆ ಎರಡು ಬಾಳೆಎಲೆ ಚೂರು ಹಾಸಿದರು.

ಮನೆಯ ಹಿಂದಿನ ಸೊಪ್ಪಿನಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಅರ್ಧ ಗಂಟೆ ನಡೆದೆವು. ನನ್ನ ಕಣ್ಣಿಗೆ ಎಲ್ಲ ಕಡೆ ಅಣಬೆ ಕಾಣುತ್ತಿತ್ತು. ಕೆಂಪು, ಹಳದಿ, ಕೊಳೆತ ಮರದ ಮೇಲೆ ಹವಳದ ಹಾಗೆ ಕವಲೊಡೆದವು. ಫೋಟೋ ತೆಗೆಯುತ್ತಾ ನಿಂತೆ. ಚಿಕ್ಕಮ್ಮ ಯಾವುದನ್ನೂ ತಿರುಗಿ ನೋಡಲಿಲ್ಲ. ಅವರಿಗೆ ಗೊತ್ತಿರುವುದು ಐದೇ ಜಾತಿ. ಉಳಿದದ್ದು ವಿಷವೋ ಅಲ್ಲವೋ ಅನ್ನುವ ಪ್ರಶ್ನೆಯೇ ಅವರಿಗಿಲ್ಲ. ಗೊತ್ತಿಲ್ಲದ್ದನ್ನು ಮುಟ್ಟಲ್ಲ, ಅಷ್ಟೇ. ಕಾಡಿನಲ್ಲಿ ಅಣಬೆ ಆರಿಸಲು ಇದಕ್ಕಿಂತ ಒಳ್ಳೆಯ ಕ್ರಮವನ್ನು ನಾನು ಎಲ್ಲೂ ಓದಿಲ್ಲ. ಆ್ಯಪ್ ಹೆಸರು ಹುಡುಕಲು, ದಾಖಲೆ ಇಡಲು ಚೆನ್ನಾಗಿದೆ. ನಾನು ಈಗಲೂ ಬಳಸುತ್ತೇನೆ. ಆದರೆ ಬಾಯಿಗೆ ಹಾಕುವ ನಿರ್ಧಾರಕ್ಕೆ ಅದು ಸಾಲದು. ಆ ಜಾಗದಲ್ಲಿ ಹುಟ್ಟಿ ಬೆಳೆದು, ಅದೇ ಅಣಬೆಯನ್ನು ವರ್ಷ ವರ್ಷ ತಿಂದವರು ಪಕ್ಕದಲ್ಲಿರಬೇಕು.

ಒಂದು ಹಲಸಿನ ಮರ ದಾಟಿದ ಮೇಲೆ ಚಿಕ್ಕಮ್ಮ ನಿಂತರು. ಮೊದಲು ನನಗೆ ಕಾಣಲಿಲ್ಲ. ಆಮೇಲೆ ಕಂಡವು. ತರಗೆಲೆಯನ್ನು ಎತ್ತಿಕೊಂಡು, ನಡುವೆ ಚೂಪಾದ ಬೂದು ಕೊಡೆಗಳು, ಮೂವತ್ತು ನಲವತ್ತು. ಹುತ್ತದ ಅಣಬೆ. ಚಿಕ್ಕಮ್ಮ ಕಾಂಡದ ಬುಡ ಹಿಡಿದು ಮೆಲ್ಲಗೆ ತಿರುಗಿಸಿ ಎಳೆದರು. ಬೇರಿನ ಹಾಗೆ ಒಂದು ಬಾಲ ಮಣ್ಣಿನೊಳಗೆ ಇಳಿದಿತ್ತು. ಅಗೆದು ನೋಡೋಣ ಅಂದೆ. "ಬ್ಯಾಡ. ಗೂಡು ಕೆಡಿಸಿದ್ರೆ ಬರೋ ವರ್ಷ ಇಲ್ಲಿ ಏಳಲ್ಲ" ಅಂದರು. ಕಿತ್ತ ತೂತನ್ನು ಕಾಲಿನಿಂದ ಮುಚ್ಚಿದರು. ಇನ್ನೂ ಮೊಗ್ಗಿದ್ದವನ್ನೂ ಪೂರ್ತಿ ಬಲಿತವನ್ನೂ ಬಿಟ್ಟರು.

ಆ ಬಾಲದ ತುದಿ ಮುಟ್ಟುವುದು ನೆಲದೊಳಗಿನ ಗೆದ್ದಲ ಗೂಡನ್ನು. ಟರ್ಮಿಟೋಮೈಸಿಸ್ ಅನ್ನುವ ಈ ಕುಲವನ್ನು ಗೆದ್ದಲುಗಳೇ ಬೆಳೆಸುತ್ತವೆ. ತಿಂದ ಎಲೆ, ಕಟ್ಟಿಗೆಯ ಚೂರಿನಿಂದ ಸ್ಪಂಜಿನ ಹಾಗೆ ತಟ್ಟೆ ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಸಾಕಿ, ಅದನ್ನೇ ತಿನ್ನುತ್ತವೆ. ಬೇರೆ ಬೂಸ್ಟು ಬಂದರೆ ಕಿತ್ತು ಹಾಕುತ್ತವೆ. ನಾನು ಡೆಟ್ಟಾಲ್, ಥರ್ಮಾಮೀಟರ್, ಒದ್ದೆ ಗೋಣಿ ಇಟ್ಟುಕೊಂಡು ಮಾಡುವ ಕೆಲಸವನ್ನೇ ಅವು ನೆಲದೊಳಗೆ ಮಾಡುತ್ತಿವೆ. ಆ ಗೂಡಿಲ್ಲದೆ ಈ ಅಣಬೆ ಇಲ್ಲ. ಹುಲ್ಲಿನ ಚೀಲದಲ್ಲಿ ಅದು ಏಳುವುದಿಲ್ಲ. ಕರಾವಳಿಯವರು ಜೀವ ಬಿಡುವ ಕಲ್ಲಣಬೆಯದೂ ಇದೇ ಕಥೆ. ಅದು ಬದುಕುವುದು ಕಾಡುಮರದ ಬೇರಿನ ಜೊತೆ. ಹಾಗಾಗಿ ಮಾರುಕಟ್ಟೆಯಲ್ಲಿ ಅದಕ್ಕೆ ಅಷ್ಟು ಬೆಲೆ. ಸೊಪ್ಪಿನಬೆಟ್ಟ ಉಳಿಯಲಿ ಅಂತ ನಾನು ಈಗ ಇಷ್ಟು ಜೋರಾಗಿ ಹೇಳುವುದಕ್ಕೆ ಕಾರಣ ಆ ಬೆಳಿಗ್ಗೆ. ಅಂದ ಹಾಗೆ, ನಾವು ಹೋದದ್ದು ಮನೆಯ ಹಿಂದಿನ ಬೆಟ್ಟಕ್ಕೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೆ ಹೋಗಿ ಕೀಳಬೇಡಿ. ಅಲ್ಲಿ ಕೀಳುವುದು ಅಪರಾಧ.

ಅವತ್ತು ಮಧ್ಯಾಹ್ನ ಅಕ್ಕಿರೊಟ್ಟಿ, ಅಣಬೆ ಸಾರು. ಊಟ ಆದ ಮೇಲೆ ಫೋನಿನಲ್ಲಿ ನನ್ನ ಚೀಲಗಳ ಫೋಟೋ ತೋರಿಸಿದೆ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿದರು. "ಇದು ಬೇಸಿಗೇಲೂ ಬರ್ತದಾ?" ಅಂತ ಕೇಳಿದರು. ಬರುತ್ತೆ ಅಂದೆ. "ಹಂಗಾದ್ರೆ ಬೀಜ ತಗಂಡು ಬಾ."

ಕಳೆದ ಜನವರಿಯಲ್ಲಿ ತಗೊಂಡು ಹೋದೆ. ಬೀಜದ ಪೊಟ್ಟಣವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಊರಿನಲ್ಲಿ ನಾನು ಕೊಳ್ಳಬೇಕಾದದ್ದು ಏನೂ ಇರಲಿಲ್ಲ. ಆ ವರ್ಷದ್ದೇ ಭತ್ತದ ಹುಲ್ಲು ಬಣವೆಯಲ್ಲಿತ್ತು. ಕೊಟ್ಟಿಗೆಯ ಒಲೆಯ ಮೇಲೆ ದನಗಳಿಗೆ ಬೇಯಿಸುವ ಹಂಡೆ. ಅಡಿಕೆ ತೂಗುವ ತಕ್ಕಡಿ. ಗೋಣಿಚೀಲ ಬೇಕಾದಷ್ಟು. ಬಚ್ಚಲುಮನೆಯ ಪಕ್ಕದ ಸೌದೆ ಕೋಣೆ ತಂಪಾಗಿ, ಕತ್ತಲಾಗಿ, ಹೆಂಚಿನ ಸಂದಿಯಿಂದ ಗಾಳಿಯಾಡುವ ಹಾಗೆ ಇತ್ತು. ಮಾಪಕ ಇಟ್ಟರೆ ಗೋಣಿ ಕಟ್ಟುವ ಮೊದಲೇ 71. ನಾನು ಬೆಂಗಳೂರಿನಿಂದ ತಂದದ್ದು ಬೀಜ, ಚೀಲ, ಥರ್ಮಾಮೀಟರ್ ಮೂರೇ. ಥರ್ಮಾಮೀಟರನ್ನು ಅಲ್ಲೇ ಬಿಟ್ಟು ಬಂದೆ.

ಇಪ್ಪತ್ತೆರಡನೇ ದಿನ ಬೆಳಿಗ್ಗೆ ಆರೂವರೆಗೆ ಫೋನ್ ಬಂತು. "ಚೀಲದ ಮೈಮೇಲೆಲ್ಲ ಸಾಸಿವೆ ಕಾಳಿನ ಹಂಗೆ ಎದ್ದಿದೆ. ಎಂತ ಮಾಡ್ಲಿ ಈಗ?"

"ಗೋಣಿ ಒದ್ದೆ ಮಾಡಿ ಚಿಕ್ಕಮ್ಮ. ಚೀಲಕ್ಕೆ ನೀರು ಹೊಡೀಬೇಡಿ. ನಾಲ್ಕು ದಿನ ಕಾಯಿರಿ."

"ಆಯ್ತು" ಅಂದರು. ಹಿಂದಿನಿಂದ ಹಿತ್ತಲಿನ ಬಾಗಿಲು ತೆರೆದ ಸದ್ದು ಕೇಳಿಸಿತು.